ಒಂದು ಸ್ಪ್ರಿಂಗು ಹೆಚ್ಚಾಯಿತು

ಬಂದ್ಯೋಡು ಪೇಟೆಯಲ್ಲಿ ಸಿಗುವ ಮೀನೂ ಶಿರಿಯದ್ದೇ. ಆದರೂ ನಾನು ಬಸ್ಸು ಹತ್ತಿ ಶಿರಿಯದ ಕಡಲ ಬದಿಗೇ ಹೋಗುತ್ತೇನೆ. ಅಲ್ಲಿಯ ಮೀನು ಹೆಚ್ಚು ತಾಜಾ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜವೆಂದರೆ ವಯಸ್ಸಾದವನಿಗೆ ಮನೆಯಿಂದ ಹೊರಡಲು ಒಂದು ನೆಪ ಬೇಕು. ಬಂಗುಡೆಗಿಂತ ಒಳ್ಳೆಯ ನೆಪ ನನಗೆ ಇನ್ನೂ ಸಿಕ್ಕಿಲ್ಲ.

ಕಳೆದ ವರ್ಷ ಹಾಗೆ ಹೋದಾಗ ಕಡಲ ಬದಿಯ ಮರಳಿನಲ್ಲಿ ಒಂದು ವಾಹನ ಹೂತುಹೋಗಿತ್ತು. ಅದಕ್ಕೆ ಬಾಗಿಲಿಲ್ಲ, ಚಾವಣಿಯಿಲ್ಲ. ಹಿಡಿಯಲು ಬೈಕಿನ ಹ್ಯಾಂಡಲ್, ಕೂರಲು ಬೈಕಿನ ಸೀಟು, ಕೆಳಗೆ ಮಾತ್ರ ನಾಲ್ಕು ದಪ್ಪ ಚಕ್ರ. ಎಟಿವಿ ಎನ್ನುತ್ತಾರಂತೆ. ಗಲ್ಫಿನಿಂದ ಮರಳಿದ ಅಂದುಂಞಿ ಅದನ್ನು ತಂದು, ಕಡಲು ನೋಡಲು ಬಂದವರನ್ನು ಕೂರಿಸಿ ಒಂದು ಸುತ್ತು ಹೊಡೆಸುತ್ತಾನೆ. ಆ ದಿನ ಸುತ್ತು ಅರ್ಧಕ್ಕೇ ನಿಂತಿತ್ತು. ಅಂದುಂಞಿ ಎಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರಗಳು ಹೊಂಡ ತೋಡುತ್ತಿದ್ದವು. ಮುಂದಿನವು ನೋಡಿಕೊಂಡು ನಿಂತಿದ್ದವು.

"ಫೋರ್‌ವೀಲ್ ಹಾಕಿಯೇ ಉಂಟು ಪೊರ್ಬುಗಳೇ," ಎಂದ ಅವನು ನನ್ನನ್ನು ಕಂಡು. ನಮ್ಮ ಕಡೆ ಕ್ರಿಸ್ತುವರನ್ನು ಹಾಗೆಯೇ ಕರೆಯುವುದು. "ನೋಡಿ, ಲೈಟ್ ಸಹ ಬರ್ತಾ ಉಂಟು."

"ಲೈಟ್ ಬಂದ್ರೆ ಆಗ್ಲಿಲ್ಲ. ಚಕ್ರ ಹಿಡೀಬೇಕು. ಮುಂದಿನ ಹಬ್ ನೋಡು."

ಬಲೆ ಬಿಡಿಸುತ್ತಿದ್ದ ನಾಲ್ವರು ಬಂದು ಅದರ ಮೂತಿಯನ್ನು ಎತ್ತಿ ಹಿಡಿದರು. ಸ್ವಿಚ್ಚು ಹಾಕಿ, ಗೇರಿನಲ್ಲಿಟ್ಟು, ಮುಂದಿನ ಚಕ್ರಗಳನ್ನು ಕೈಯಿಂದ ತಿರುಗಿಸಲು ಹೇಳಿದೆ. ಬಲಗಡೆಯದು ಹಟ ಹಿಡಿಯಿತು, ಜಗ್ಗಲಿಲ್ಲ. ಎಡಗಡೆಯದು ಯಾರು ತಿರುಗಿಸಿದರೂ ತಿರುಗಿತು. ಅಂದರೆ ಅದು ಒಳಗೆ ಹಿಡಿದುಕೊಂಡಿರಲಿಲ್ಲ. ಹಬ್ಬಿಗೆ ಹೋಗುವ ವಯರಿನ ತುದಿ ಉಪ್ಪುನೀರಿಗೆ ಹಸಿರು ಕಟ್ಟಿತ್ತು. ಮೀನು ಮಾರುವವಳ ಚೂರಿಯಲ್ಲಿ ಅದನ್ನು ಕೆರೆದು ಸಿಕ್ಕಿಸಿದೆವು. ವಾಹನ ಮೇಲೆ ಬಂತು.

"ನೀವು ಗಲ್ಫಿನಲ್ಲಿ ಇದ್ರಾ?" ಎಂದು ಅಂದುಂಞಿ ಕೇಳಿದ.

"ಇಲ್ಲ."

"ಮತ್ತೆ ಹಬ್ಬಿನ ಕೆಲಸ ಎಲ್ಲಿ ಕಲ್ತದ್ದು?"

ಬಿಸಿಲಿಗೆ ಮೀನು ಹಾಳಾಗುತ್ತದೆ ಎಂದು ಹೇಳಿ ಬಸ್ಸಿಗೆ ಬಂದೆ. ಮೀನು ಬಿಸಿಲಿಗೆ ಹಾಳಾಗುವುದು ನಿಜ. ಆದರೆ ಅವನು ಕೇಳಿದ್ದು ಅದನ್ನಲ್ಲ.

ಅವನು ಕೇಳಿದ್ದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು, ಬಸ್ಸಿನಲ್ಲೇ ತಿರುಗಾಡುವ ನಿಮಗೆ ಹಬ್ ಎಂದರೆ ಏನೆಂದು ಹೇಳಬೇಕು. ಹಳೆಯ ಜೀಪಿನಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರ ದುಡಿಯುತ್ತವೆ, ಮುಂದಿನ ಎರಡು ಜೊತೆಗೆ ಉರುಳುತ್ತವೆ ಅಷ್ಟೆ. ಕೆಸರು, ಹೊಳೆ, ಗುಡ್ಡ ಬಂದಾಗ ಮುಂದಿನವನ್ನೂ ಕೆಲಸಕ್ಕೆ ಹಚ್ಚಬೇಕು. ಅದಕ್ಕೆ ಒಳಗೆ ಒಂದು ಲಿವರ್ ಎಳೆದರೆ ಸಾಲದು. ಕೆಳಗಿಳಿದು, ಮುಂದಿನ ಎರಡೂ ಚಕ್ರಗಳ ನಡುವಿನಲ್ಲಿರುವ ಹಬ್ಬಿನ ತಿರುಗಣೆಯನ್ನು 'ಫ್ರೀ'ಯಿಂದ 'ಲಾಕ್'ಗೆ ತಿರುಗಿಸಬೇಕು. ಆಗ ಒಳಗೆ ಒಂದು ಸ್ಪ್ರಿಂಗು ಒಂದು ಬಳೆಯನ್ನು ತಳ್ಳಿ, ಹಲ್ಲಿಗೆ ಹಲ್ಲು ಕೂರಿಸಿ, ಚಕ್ರವನ್ನು ಇಂಜಿನಿನ ಕೆಲಸಕ್ಕೆ ಸೇರಿಸುತ್ತದೆ. ಒಂದು ಕಡೆ ಮಾತ್ರ ಕೂತು ಇನ್ನೊಂದು ಕಡೆ ಕೂರದಿದ್ದರೆ, ಬಲವೆಲ್ಲ ಕೂರದ ಕಡೆಯಿಂದ ಸೋರಿಹೋಗಿ ಮುಂದಿನ ಎರಡು ಚಕ್ರವೂ ಸುಮ್ಮನಿರುತ್ತವೆ. ಹೊರಗಿನ ಗೆರೆ ಮಾತ್ರ ಲಾಕ್ ಎಂದೇ ತೋರಿಸುತ್ತಿರುತ್ತದೆ.

ಚಿಕ್ಕಂದಿನಿಂದ ನನಗೆ ಬಿಚ್ಚುವ ಚಟ. ಅಪ್ಪನ ಟಾರ್ಚು, ಅಮ್ಮನ ಕೊಡೆ, ನೆರೆಯವರ ಸೈಕಲಿನ ಗಂಟೆ, ಕೈಗೆ ಸಿಕ್ಕಿದ್ದನ್ನು ಬಿಚ್ಚುತ್ತಿದ್ದೆ. ಬಿಚ್ಚುವಾಗ ನೋಡಿದವರು ಇವನು ಇಂಜಿನಿಯರ್ ಆಗುತ್ತಾನೆ ಎನ್ನುತ್ತಿದ್ದರು. ಜೋಡಿಸುವ ಹೊತ್ತಿಗೆ ಅವರು ಎದ್ದು ಹೋಗಿರುತ್ತಿದ್ದರು. ಒಮ್ಮೆ ಇಗರ್ಜಿಯ ಪೆಟ್ರೋಮ್ಯಾಕ್ಸ್ ಬಿಚ್ಚಿ ಸ್ವಚ್ಛ ಮಾಡಿ ಕೊಟ್ಟೆ. ಆ ವರ್ಷದ ಕ್ರಿಸ್ಮಸ್ ಪೂಜೆಯಲ್ಲಿ ಗಂಟೆ ಹೊಡೆಯುವವನಿಗೆ ಹುಬ್ಬು ಇರಲಿಲ್ಲ. ಅಪ್ಪ ಬೆನ್ನಿಗೆ ಬಾರಿಸಿದರು. ಆದರೆ ಚಟ ಬೆನ್ನಿನಲ್ಲಿ ಇರಲಿಲ್ಲವಾದ್ದರಿಂದ ಹೋಗಲಿಲ್ಲ. ಮುಂದೆ ನಮ್ಮ ವಾರ್ಡಿನ ಕ್ರಿಸ್ತುವರಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲಿಗ ನಾನೇ ಆದೆ. ಇದರಿಂದ ಚಟಕ್ಕೆ ವಿದ್ಯೆಯ ಬೆಂಬಲವೂ ಸಿಕ್ಕಿತು.

ಬಂದ್ಯೋಡಿನಿಂದ ಒಳಗೆ ನಮ್ಮೂರಿನಲ್ಲಿ ನನಗೊಂದು ಜಿನಸಿನ ಅಂಗಡಿ. ಅದಕ್ಕೆ ಸಾಮಾನು ತರಲೆಂದು ಒಂದು ರಬ್ಬರ್ ಎಸ್ಟೇಟಿನ ಹಳೆಯ ಜೀಪು ಕೊಂಡೆ. ಸಾಮಾನಿಲ್ಲದ ಹೊತ್ತಿನಲ್ಲಿ ಅದು ಜನರನ್ನು ಹೊತ್ತು ಪೇಟೆಗೆ ಟ್ರಿಪ್ಪು ಹೊಡೆಯುತ್ತಿತ್ತು. ಓಡಿಸಲು ನನಗೆ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಓಡಿಸುತ್ತಿದ್ದವನು ನನ್ನ ತಂಗಿ ಕಾರ್ಮಿನಳ ಗಂಡ ಲಾದ್ರು.

ಲಾದ್ರು ಒಳ್ಳೆಯ ಡ್ರೈವರ್. ಇದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅವನೇ ಹೇಳುತ್ತಿದ್ದ. "ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ರೆ ಜೀಪನ್ನು ಇಗರ್ಜಿಯ ಗೋಪುರಕ್ಕೂ ಹತ್ತಿಸ್ತೇನೆ. ಫಾದರ್ ಒಪ್ಪುದಿಲ್ಲ, ಅಷ್ಟೇ ತೊಂದ್ರೆ." ನಮ್ಮೂರಿಗೂ ಆಚೆಯ ಗುಡ್ಡಕ್ಕೂ ನಡುವೆ ಒಂದು ತೋಡು ಉಂಟು. ಆಗ ಅದಕ್ಕೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಬೇರೆ ಜೀಪುಗಳು ದಡದಲ್ಲಿ ನಿಂತು ಯೋಚಿಸುತ್ತಿದ್ದಾಗ ಲಾದ್ರು ದಾಟಿ ಆಚೆ ಬೀಡಿ ಹಚ್ಚಿಕೊಂಡಿರುತ್ತಿದ್ದ. ಕುಡಿಯುತ್ತಿದ್ದ ಹೌದು. ಆದರೆ ಸಂಜೆ ಜೀಪು ನಿಲ್ಲಿಸಿ, ಬೀಗದ ಕೈಯನ್ನು ಕಾರ್ಮಿನಳಿಗೆ ಕೊಟ್ಟ ಮೇಲೆಯೇ. ಆ ನಿಯಮವನ್ನು ಅವನು ಮುರಿದದ್ದನ್ನು ನಾನು ಕಂಡಿಲ್ಲ. ಈ ಮಾತನ್ನು ನೀವು ನೆನಪಿಡಬೇಕು, ಏಕೆಂದರೆ ನಾನು ಅದನ್ನು ಹೇಳಬೇಕಾದ ದಿನ ಹೇಳಲಿಲ್ಲ.

ಅದು ಹದಿನೈದು ವರ್ಷಗಳ ಹಿಂದಿನ ಮಾತು. ಅಕ್ಟೋಬರ್ ಕೊನೆಯ ತುಲಾಮಳೆಯ ಸಮಯ. ಎಡಗಡೆಯ ಹಬ್ಬಿನಲ್ಲಿ ಕಟಕಟ ಶಬ್ದ ಬರುತ್ತದೆ ಎಂದು ಲಾದ್ರು ಹೇಳಿದ. ಬಂದ್ಯೋಡಿನಲ್ಲಿ ಜೀಪುಗಳ ಕೆಲಸಕ್ಕೆ ಐತಪ್ಪ ಮೇಸ್ತ್ರಿ ಇದ್ದ. ಮುಂದಿನ ವಾರ ತನ್ನಿ ಎಂದಿದ್ದ. ಒಂದು ವಾರ ಕಾಯುವುದು ಹತ್ತನೆಯದು ಪಾಸಾದವನಿಗೆ ಶೋಭೆಯಲ್ಲ ಎಂದು ನನಗನ್ನಿಸಿತು. ಭಾನುವಾರ ಪೂಜೆ ಮುಗಿಸಿ ಬಂದು, ಲಾದ್ರು ಊಟ ಮಾಡಿ ಮಲಗಿದ್ದಾಗ, ಎಡಗಡೆಯ ಹಬ್ಬನ್ನು ಬಿಚ್ಚಿದೆ.

ಬಿಚ್ಚುವುದು ಚೆನ್ನಾಗಿಯೇ ಆಯಿತು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಜೋಡಿಸುವಾಗ ಯಾವುದು ಮೊದಲು ಯಾವುದು ಆಮೇಲೆ ಎಂಬ ಸಂಶಯ ಬಂತು. ಸರಿಯಿರುವುದನ್ನು ನೋಡಿ ಜೋಡಿಸೋಣವೆಂದು ಬಲಗಡೆಯದನ್ನೂ ಬಿಚ್ಚಿದೆ. ಈಗ ಎರಡೂ ಬಿಚ್ಚಿದ್ದವು. ನೋಡಿ ಕಲಿಯಲು ಯಾವುದೂ ಉಳಿಯಲಿಲ್ಲ.

ಆದರೂ ಎದೆಗುಂದದೆ ಸಂಜೆಯೊಳಗೆ ಎರಡನ್ನೂ ಜೋಡಿಸಿದೆ. ತಿರುಗಣೆಗಳು ತಿರುಗಿದವು. ಕಟಕಟ ಶಬ್ದವೂ ನಿಂತಿತು. ಅಂಗಳದಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಒಂದು ಸ್ಪ್ರಿಂಗು ಮಾತ್ರ ಉಳಿದಿತ್ತು. ಬಹಳ ಹೊತ್ತು ಅದನ್ನು ನೋಡಿದೆ. ಕಂಪೆನಿಯವರು ಎಲ್ಲಿಯಾದರೂ ಹೆಚ್ಚು ಹಾಕಿರಬಹುದು ಎಂದು ತೀರ್ಮಾನಿಸಿ ಅಂಗಡಿಯ ಮೇಜಿನ ಡ್ರಾಯರಿಗೆ ಹಾಕಿದೆ. ಬಿಚ್ಚಿದ ವಿಷಯವನ್ನು ಲಾದ್ರುವಿಗೆ ಹೇಳಲಿಲ್ಲ. ಅವನ ಜೀಪನ್ನು ಮುಟ್ಟಿದರೆ ಅವನಿಗೆ ಕೋಪ ಬರುತ್ತಿತ್ತು. ಜೀಪು ನನ್ನದಾಗಿತ್ತು, ಆದರೆ ಅವನಿಗೆ ಅದು ಗೊತ್ತಿದ್ದಂತೆ ಕಾಣುತ್ತಿರಲಿಲ್ಲ.

ಆ ಬುಧವಾರ ಬೊನಾ ಪೊರ್ಬುಗಳ ಮಗನ ಮದುವೆ. ಬೊನಾ ನಮ್ಮ ಇಗರ್ಜಿಯ ದೊಡ್ಡ ಕುಳ. ನಮ್ಮಲ್ಲಿ ಮದುವೆ ಎಂದರೆ ಹುಡುಗ, ಹುಡುಗಿ ಮತ್ತು ಹಂದಿಮಾಂಸ. ಮೊದಲಿನ ಎರಡರಲ್ಲಿ ಸಣ್ಣಪುಟ್ಟ ಕೊರತೆಯಿದ್ದರೆ ಜನ ಮರೆಯುತ್ತಾರೆ. ಮದುವೆಗಳಿಗೆ ಮಾಂಸ ಬೇಯಿಸುವವನ ಮನೆ ತೋಡಿನ ಆಚೆ. ಬೊನಾನ ಮನೆ ಈಚೆ. ಕೊಪ್ಪರಿಗೆಯನ್ನು ಜೀಪಿನಲ್ಲಿ ತರುವ ಜವಾಬ್ದಾರಿ ಲಾದ್ರುವಿನದು. ಹಿಂದಿನ ಸಂಜೆ ಬೊನಾನ ಮನೆಯಲ್ಲಿ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ರೋಸ್ ಇತ್ತು. ಅಲ್ಲಿ ಎಲ್ಲರೂ ಕುಡಿದಿದ್ದರು. ಲಾದ್ರುವೂ ಕುಡಿದಿದ್ದ, ಬೀಗದ ಕೈಯನ್ನು ಕಾರ್ಮಿನಳಿಗೆ ಕೊಟ್ಟು.

ಮರುದಿನ ಮಧ್ಯಾಹ್ನ ತೋಡು ಕೆಂಪಾಗಿ ಹರಿಯುತ್ತಿತ್ತು. ಈಚೆ ದಡದಲ್ಲಿ ಬೊನಾ ಕೋಟು ಹಾಕಿ ನಿಂತಿದ್ದರು, ಹತ್ತಿರ ನಾನು. ಆಚೆ ದಡದಲ್ಲಿ ಲಾದ್ರು ಇಳಿದು, ಮೊಣಕಾಲೂರಿ ಎರಡೂ ಹಬ್ಬುಗಳನ್ನು ಲಾಕಿಗೆ ತಿರುಗಿಸಿದ್ದು ನನಗೆ ಕಾಣುತ್ತಿತ್ತು. ಹತ್ತಿ, ಲಿವರ್ ಎಳೆದು, ನೀರಿಗೆ ಇಳಿದ. ನಡುತೋಡಿನಲ್ಲಿ ಹಿಂದಿನ ಚಕ್ರಗಳು ಮರಳಿಗೆ ಕೂತವು. ಮುಂದಿನವು ಎಳೆಯಬೇಕಿತ್ತು, ಎಳೆಯಲಿಲ್ಲ. ಜೀಪು ಒಂದು ಕಡೆಗೆ ನಿಧಾನವಾಗಿ ಓರೆಯಾಯಿತು. ಕೊಪ್ಪರಿಗೆ ಇನ್ನೂ ನಿಧಾನವಾಗಿ ಜಾರಿತು. ಯಾರಿಗೂ ಏನೂ ಆಗಲಿಲ್ಲ. ಮಾಂಸ ಮಾತ್ರ ಮಸಾಲೆ ಸಹಿತ ಶಿರಿಯ ಹೊಳೆಯ ಕಡೆಗೆ ಹೊರಟಿತು.

ಲಾದ್ರು ಎದೆಮಟ್ಟ ನೀರಿನಲ್ಲಿ ನಡೆದು ಬಂದ.

"ಲಾದ್ರು, ನಿನ್ನೆ ರೋಸಿಗೆ ಎಷ್ಟು ಕುಡಿದೆ?" ಎಂದು ಬೊನಾ ಕೇಳಿದರು.

"ನಿನ್ನೆ ಕುಡಿದದ್ದು ನಿನ್ನೆಯೇ ಇಳಿದಿದೆ."

"ನಿನಗೆ ಇಳಿದಿರಬಹುದು. ಜೀಪಿಗೆ ಇಳಿದ ಹಾಗೆ ಕಾಣುದಿಲ್ಲ."

ದಡದಲ್ಲಿದ್ದವರು ನಕ್ಕರು. ಲಾದ್ರು ನನ್ನ ಮುಖ ನೋಡಿದ. "ನಾನು ಲಾಕ್ ಮಾಡಿದ್ದೇನೆ ಭಾವ. ಎರಡು ಕಡೆಯೂ ಮಾಡಿದ್ದೇನೆ. ನೀನು ನೋಡಿದ್ದಿ ಅಲ್ವಾ?"

ನಾನು ನೋಡಿದ್ದೆ. ಡ್ರಾಯರಿನಲ್ಲಿದ್ದ ಸ್ಪ್ರಿಂಗೂ ಆ ಕ್ಷಣ ಕಣ್ಣ ಮುಂದೆ ಬಂತು. ನಾನು ಬಾಯಿ ತೆರೆದು, "ಮರಳು ಸ್ವಲ್ಪ ಸಡಿಲ ಇತ್ತು," ಎಂದೆ. ನನ್ನ ಭಾವನ ಪರವಾಗಿ ನಾನು ನುಡಿದ ಸಾಕ್ಷಿ ಅಷ್ಟೆ.

ಆ ದಿನ ಮದುವೆಗೆ ಬಂದವರು ಇಡ್ಲಿಯಂಥ ಸಾನ್ನಾಗಳನ್ನು ತೊವ್ವೆಯಲ್ಲಿ ಅದ್ದಿ ತಿಂದರು. ಮದುಮಗಳ ಹೆಸರು ಈಗ ಯಾರಿಗೂ ನೆನಪಿಲ್ಲ, ತೊವ್ವೆ ನೆನಪಿದೆ. ಲಾದ್ರುವಿಗೆ 'ಕಪ್ತಾನ್' ಎಂಬ ಹೆಸರು ಬಿತ್ತು, ಹಡಗು ಮುಳುಗಿಸಿದವನೆಂಬ ಅರ್ಥದಲ್ಲಿ. ಕುಡಿದದ್ದರ ಅಮಲು ತನಗೇ ತಿಳಿಯದೆ ಉಳಿದಿತ್ತೋ ಏನೋ ಎಂಬ ಸಂಶಯ ಅವನಿಗೂ ಹತ್ತಿತು. ಸಾಂತ್ ಆಂತೋನಿಗೆ ಹರಕೆ ಹೊತ್ತು ಕುಡಿತ ಬಿಟ್ಟ. ಜೀಪು ಓಡಿಸುವುದನ್ನೂ ಬಿಟ್ಟ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವನಿಗೆ ನನ್ನ ಅಂಗಡಿಯಲ್ಲೇ ಅಕ್ಕಿ ತೂಗುವ ಕೆಲಸ ಕೊಟ್ಟೆ, ಜೀಪಿಗೆ ಬೇರೆ ಡ್ರೈವರ್ ಇಟ್ಟೆ. ಎಂಥ ಭಾವ, ಇಷ್ಟಾದರೂ ಕೈಬಿಡಲಿಲ್ಲ ಎಂದು ಊರವರು ನನ್ನನ್ನು ಹೊಗಳಿದರು. ನಾನು ಬೇಡ ಎನ್ನಲಿಲ್ಲ.

ಸ್ಪ್ರಿಂಗನ್ನು ಒಂದು ದಿನ ಕಿಸೆಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಶಿರಿಯಕ್ಕೆ ಹೋದೆ. ಸೇತುವೆಯ ಮೇಲಿನಿಂದ ಹೊಳೆಗೆ ಹಾಕಿದೆ. ನಮ್ಮ ತೋಡಿಗೇ ಹಾಕಬಹುದಿತ್ತು, ಬಾವಿಗೆ ಹಾಕಬಹುದಿತ್ತು. ಪಾಪ ಮಾಡಿದವನಿಗೆ ದೂರದ ಜಾಗವೇ ಬೇಕಾಗುತ್ತದೆ. ಬರಿಗೈಯಲ್ಲಿ ಮರಳಿದರೆ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾರೆಂದು ಬಂಗುಡೆ ತಂದೆ. ನನ್ನ ಮೀನಿನ ರೂಢಿ ಶುರುವಾದದ್ದು ಹಾಗೆ.

ಕಳೆದ ವರ್ಷ ಅಂದುಂಞಿ ಕೇಳಿದ ಪ್ರಶ್ನೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತಿತು. ಆ ಶನಿವಾರ ಪಾಪನಿವೇದನೆಗೆ ಹೋದೆ. ನಮ್ಮ ಫಾದರ್ ಆಗ ಹೊಸಬರು. ಗುಡ್ಡದ ಮೇಲಿನ ಇಗರ್ಜಿಯಲ್ಲಿ ಕೆಲವು ವರ್ಷ ಜೀಪಿನಲ್ಲೇ ಓಡಾಡಿ ಬಂದವರು. ಇದು ನನಗೆ ಗೊತ್ತಿರಲಿಲ್ಲ.

"ಫಾದರ್, ಒಂದು ಸ್ಪ್ರಿಂಗು ಬಿಟ್ಟುಹೋಗಿತ್ತು," ಎಂದೆ.

"ಯಾವುದರದ್ದು?"

"ಜೀಪಿನ ಹಬ್ಬಿನದು."

ಜಾಲರಿಯ ಆಚೆ ಕುರ್ಚಿ ಹತ್ತಿರ ಸರಿದ ಶಬ್ದ ಕೇಳಿತು. "ಕೈಯಲ್ಲಿ ತಿರುಗಿಸುದಾ?"

"ಹೌದು."

"ಬಿಚ್ಚುವಾಗ ಗುರುತು ಹಾಕ್ಲಿಲ್ವಾ?"

"ಇಲ್ಲ ಫಾದರ್."

"ಅದು ಪಾಪ ಅಲ್ಲ, ಅವಸರ. ಮುಂದೆ ಹೇಳಿ."

ಹೇಳಿದೆ. ತೋಡು, ಕೊಪ್ಪರಿಗೆ, ಬೊನಾನ ಮಾತು, ನನ್ನ ಸಾಕ್ಷಿ, ಭಾವನ ಹರಕೆ.

"ಇಷ್ಟೆಯಾ?"

"ಇಷ್ಟೇ."

"ಒಂದು ಕಡೆ ಶಬ್ದ ಬಂತು ಅಂತ ಒಂದೇ ಕಡೆ ನೋಡ್ಬಾರದು ಅಲ್ವಾ? ಆಮೇಲೆ ಆ ಹಬ್ಬನ್ನು ಸರಿ ಮಾಡಿದ್ದು ಯಾರು?"

ಹದಿನೈದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಿಮಗೂ ನಾನು ಇಷ್ಟು ಹೊತ್ತು ಸಣ್ಣದನ್ನು ಮುಂದಿಟ್ಟು ದೊಡ್ಡದನ್ನು ಹಿಂದೆ ಇಟ್ಟುಕೊಂಡಿದ್ದೆ.

ಸರಿ ಮಾಡಿದ್ದು ಬಂದ್ಯೋಡಿನ ಐತಪ್ಪ ಮೇಸ್ತ್ರಿ. ಮದುವೆಯ ಮರುವಾರ ಜೀಪನ್ನು ಹಗ್ಗ ಕಟ್ಟಿ ಅವನಲ್ಲಿಗೆ ಎಳೆಸಿಕೊಂಡು ಹೋಗಿದ್ದೆ. ಅವನ ಅಂಗಡಿಯ ಪಕ್ಕವೇ ಜೀಪುಗಳ ಸ್ಟ್ಯಾಂಡು. ಸುತ್ತ ಡ್ರೈವರುಗಳು ಕೂತಿದ್ದರು. ಐತಪ್ಪ ಎಡಗಡೆಯ ಹಬ್ಬನ್ನು ಬಿಚ್ಚಿ, ಒಳಗೆ ನೋಡಿ, ಎಲ್ಲರಿಗೂ ಕೇಳುವಂತೆ, "ಯಾವ ಕತ್ತೆ ಮಾರಾಯ್ರೆ ಇದನ್ನು ಬಿಚ್ಚಿದ್ದು?" ಎಂದ.

"ನಮ್ಮ ಡ್ರೈವರ್," ಎಂದೆ.

ಬಹಳ ಸಲೀಸಾಗಿ ಬಂತು ಆ ಮಾತು. ಮೊದಲೇ ಯೋಚಿಸಿಟ್ಟಿದ್ದರೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಕುಡಿದು ಓಡಿಸುವವನನ್ನು ಸಹಿಸುವ ಜೀಪಿನವರು ಆಗ ಬೇಕಾದಷ್ಟು ಇದ್ದರು. ಹಬ್ಬಿನ ಸ್ಪ್ರಿಂಗು ಬಿಟ್ಟು ಹೊಳೆಗೆ ಇಳಿಯುವವನ ಕೈಗೆ ಯಾರೂ ಗಾಡಿ ಕೊಡುವುದಿಲ್ಲ. ಲಾದ್ರು ಡ್ರೈವಿಂಗ್ ಬಿಡಲಿಲ್ಲ. ಒಂದು ವರ್ಷ ಆ ಪೇಟೆಯಲ್ಲಿ ಕೆಲಸ ಕೇಳಿದ, ಸಿಗಲಿಲ್ಲ. ಏಕೆ ಸಿಗಲಿಲ್ಲ ಎಂದು ಅವನಿಗೆ ಯಾರೋ ಹೇಳಿದರು. ತಾನು ಹಬ್ಬನ್ನು ಮುಟ್ಟಿಲ್ಲ ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅಮಲಿನಲ್ಲಿ ಬಿಚ್ಚಿ ಮರೆತಿರಬೇಕು ಎಂದರು, ಹೌದೋ ಏನೋ ಎಂದು ಅವನಿಗೂ ಅನ್ನಿಸತೊಡಗಿತು. ಕೊನೆಗೆ ನನ್ನ ತಕ್ಕಡಿಯ ಮುಂದೆ ಬಂದು ನಿಂತ.

"ಪ್ರಾರ್ಥನೆ ಎಷ್ಟು ಹೇಳ್ಬೇಕು ಫಾದರ್?" ಎಂದು, ಇದನ್ನೂ ಹೇಳಿ ಮುಗಿಸಿ ಕೇಳಿದೆ.

"ಪ್ರಾರ್ಥನೆ ಆಮೇಲೆ. ಮೊದಲು ಭಾವನಿಗೆ ಹೇಳಿ ಬನ್ನಿ."

ನೇರವಾಗಿ ಲಾದ್ರುವಿನ ಹತ್ತಿರ ಹೋಗಲು ಧೈರ್ಯವಾಗದೆ ಮೊದಲು ಕಾರ್ಮಿನಳಿಗೆ ಹೇಳಿದೆ. ಅವಳು ಅಡುಗೆಮನೆಯ ಹಿಂದೆ ಮೀನು ಕೊಯ್ಯುತ್ತಿದ್ದಳು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಕೊಂಕಣಿಯಲ್ಲಿ ಅವಳು ಇದಕ್ಕಿಂತ ಖಾರ. ಸ್ಪ್ರಿಂಗಿನ ಕಥೆ ಹೇಳಿ ಮುಗಿಸಿದೆ. ಅವಳು ಕೆಲಸ ನಿಲ್ಲಿಸಲಿಲ್ಲ.

"ಅಣ್ಣ, ಈಗ ಅವರಿಗೆ ಅದನ್ನು ಹೇಳಿ ಎಂತ ಆಗ್ಬೇಕು? ನನ್ನಿಂದ ತಪ್ಪಾಯ್ತು ಅಂತ ಕುಡಿಯುದು ಬಿಟ್ಟವರು. ನಿಮ್ಮಿಂದ ಅಲ್ಲ ಅಂತ ನೀನು ಹೋಗಿ ಹೇಳು. ಸಂಜೆಗೆ ಬಾಟ್ಲಿ ಹಿಡ್ಕೊಂಡು ಬರ್ತಾರೆ."

"ಫಾದರ್ ಹೇಳ್ಬೇಕು ಅಂದ್ರು."

"ಫಾದರಿಗೆ ಹೆಂಡತಿ ಉಂಟಾ, ಗಂಡ ಉಂಟಾ? ಬಾಯಿ ಮುಚ್ಚಿ ಚಾ ಕುಡಿ."

ಚಾ ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಐತಪ್ಪನ ಅಂಗಡಿಯ ವಿಷಯವನ್ನೂ ಹೇಳಿದೆ. ಚೂರಿ ನಿಂತಿತು.

"ಪುನಃ ಹೇಳು."

ಪುನಃ ಹೇಳಿದೆ.

ಅವಳು ಕೈ ತೊಳೆದುಕೊಂಡಳು. ನನ್ನ ಕಡೆ ನೋಡದೆ, "ಆ ವರ್ಷ ಇವರು ದಿನಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದ್ಯೋಡಿಗೆ ಹೋಗಿ ಬರ್ತಿದ್ರು," ಎಂದಳು. ಆಮೇಲೆ ಹಿತ್ತಿಲಿನ ಕಡೆ ತಿರುಗಿ ಕೂಗಿದಳು. "ಕೇಳ್ತದಾ? ಇಲ್ಲಿ ಬನ್ನಿ. ಅಣ್ಣನಿಗೆ ಎಂತದೋ ಹೇಳ್ಲಿಕ್ಕೆ ಉಂಟಂತೆ."

ಲಾದ್ರು ಬಾಳೆಯ ಬುಡದಿಂದ ಎದ್ದು ಬಂದ. ನಿಂತುಕೊಂಡೇ ಕೇಳಿದ. ನಾನು ಈ ಬಾರಿ ದೊಡ್ಡದನ್ನು ಮೊದಲು ಹೇಳಿದೆ.

"ಐತಪ್ಪ ಎಂತ ಕೇಳಿದ್ದು?"

"ಯಾವ ಕತ್ತೆ ಬಿಚ್ಚಿದ್ದು ಅಂತ."

"ನೀನು ಎಂತ ಹೇಳಿದ್ದು?"

"ನಮ್ಮ ಡ್ರೈವರ್."

"ಹೆಸರು ಹೇಳಿದ್ಯಾ?"

"ಇಲ್ಲ. ಒಬ್ಬನೇ ಡ್ರೈವರ್ ಇದ್ದದ್ದು."

ಅವನು ಕೈಯ ಮಣ್ಣು ಕೊಡವಿದ. ಬೈಗುಳಕ್ಕೆ ನಾನು ಸಿದ್ಧನಾಗಿ ಬಂದಿದ್ದೆ. ಕಾರ್ಮಿನ್ ಬಾಟಲಿಯ ಭಯದಿಂದ ಬಾಗಿಲಿಗೆ ಅಡ್ಡ ನಿಂತಿದ್ದಳು. ಇಬ್ಬರ ಲೆಕ್ಕವೂ ತಪ್ಪಿತು.

"ಜೀಪಿನ ಬೀಗದ ಕೈ ಕೊಡು," ಎಂದ ಲಾದ್ರು.

"ಎಲ್ಲಿಗೆ?" ಎಂದಳು ಕಾರ್ಮಿನ್.

"ಬಂದ್ಯೋಡಿಗೆ."

"ಈ ಪ್ರಾಯದಲ್ಲಿ? ಲೈಸೆನ್ಸ್ ಇಲ್ಲದೆ?"

ಅವನು ಒಳಗೆ ಹೋಗಿ ಪರ್ಸು ತಂದು, ಅದರಿಂದ ಲೈಸೆನ್ಸ್ ತೆಗೆದು ತೋರಿಸಿದ. ಅವಧಿ ಮುಗಿದಾಗಲೆಲ್ಲ ಹೊಸತು ಮಾಡಿಸಿಕೊಂಡೇ ಬಂದಿದ್ದ. ಕಣ್ಣು ತೋರಿಸಲು ಕಾಸರಗೋಡಿಗೆ ಹೋಗುತ್ತೇನೆ ಎಂದು ಆಗಾಗ ಅವನು ಹೇಳಿದ್ದು ಸುಳ್ಳಲ್ಲ. ಲೈಸೆನ್ಸಿಗೂ ಕಣ್ಣು ತೋರಿಸಲೇಬೇಕು. ಕಾರ್ಮಿನ್ ಬಾಗಿಲಿನಿಂದ ಸರಿದಳು.

ಹಿಂದಿನ ವಾರ ನನ್ನ ಡ್ರೈವರ್ ಕೆಲಸ ಬಿಟ್ಟಿದ್ದರಿಂದ ಜೀಪು ಶೆಡ್ಡಿನಲ್ಲೇ ಇತ್ತು, ಲಾದ್ರು ಅದರ ಸುತ್ತ ಒಂದು ಸುತ್ತು ಬಂದ. ಹೊರಡುವ ಮೊದಲು ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತು ಎಂದು ನನಗೆ ಹೇಳಿದ. ಎತ್ತಿದೆ. ಲಾಕ್ ಮಾಡಿಸಿದ.

"ಗೆರೆ ಲಾಕಿಗೆ ಬಂದಿದೆ," ಎಂದೆ.

"ಗೆರೆ ಅವತ್ತೂ ಬಂದಿತ್ತು," ಎಂದ.

ಚಕ್ರವನ್ನು ಕೈಯಿಂದ ತಿರುಗಿಸುತ್ತ, ಒಳಗಿನ ದಂಡವೂ ಜೊತೆಗೆ ತಿರುಗುತ್ತದೆಯೇ ಎಂದು ನನ್ನಿಂದ ನೋಡಿಸಿದ. ಆಮೇಲೆ ಇನ್ನೊಂದು ಕಡೆ. ಎರಡೂ ಸರಿಯಿದ್ದವು. ಫ್ರೀ ಮಾಡಿ ಹೊರಟೆವು. ಗೇರು ಬದಲಿಸುವಾಗ ಅವನ ಕೈ ಒಮ್ಮೆಯೂ ಹುಡುಕಾಡಲಿಲ್ಲ.

ಐತಪ್ಪನಿಗೂ ವಯಸ್ಸಾಗಿತ್ತು. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದ, ಅವನು ಹೊರಗೆ ಸ್ಟೂಲಿನಲ್ಲಿ ಕೂತಿದ್ದ. ಪಕ್ಕದ ಸ್ಟ್ಯಾಂಡಿನಲ್ಲಿ ಈಗ ಆಟೋರಿಕ್ಷಾಗಳು. ನಾನು ಅವನ ಮುಂದೆ ನಿಂತು, ಡ್ರೈವರುಗಳಿಗೂ ಕೇಳುವ ಸ್ವರದಲ್ಲಿ, ಆ ದಿನ ಹಬ್ ಬಿಚ್ಚಿದ್ದು ನಾನು, ಲಾದ್ರು ಅಲ್ಲ, ನಾನು ಸುಳ್ಳು ಹೇಳಿದ್ದು ಎಂದು ಹೇಳಿದೆ.

ಐತಪ್ಪ ಕಿವಿ ಕೊಟ್ಟು ಕೇಳಿದ. "ಯಾವ ಹಬ್ ಪೊರ್ಬುಗಳೇ?"

"ಕತ್ತೆ ಅಂತ ನೀನು ಕೇಳಿದ್ದಿ ಅಲ್ವಾ. ಯಾವ ಕತ್ತೆ ಬಿಚ್ಚಿದ್ದು ಅಂತ."

"ಅದು ನಾನು ಎಲ್ರಿಗೂ ಕೇಳ್ತೇನೆ ಮಾರಾಯ್ರೆ. ಬೆಳಿಗ್ಗೆ ಅಳಿಯನಿಗೂ ಕೇಳಿದ್ದೇನೆ." ಅವನು ನನ್ನ ಹಿಂದೆ ನಿಂತಿದ್ದವನ ಕಡೆ ನೋಡಿದ. "ಇವರು ಯಾರು?"

ರಿಕ್ಷಾದವರು ಒಮ್ಮೆ ನೋಡಿ ತಮ್ಮ ಮಾತಿಗೆ ಮರಳಿದರು. ಅವರಲ್ಲಿ ಹೆಚ್ಚಿನವರು ಆಗ ಶಾಲೆಗೆ ಹೋಗುತ್ತಿದ್ದಿರಬೇಕು. ಲಾದ್ರು ಹೋಗಿ ಜೀಪಿನಲ್ಲಿ ಕೂತ.

ದಾರಿಯಲ್ಲಿ ಅವನು ಮಾತಾಡಿದ್ದು ಒಂದೇ ಸಲ. "ನಾನು ಇಷ್ಟು ವರ್ಷ ಬಂದ್ಯೋಡಿನಲ್ಲಿ ಬಸ್ಸು ಇಳೀಲಿಲ್ಲ, ಗೊತ್ತುಂಟಾ? ಮುಂದಿನ ಸ್ಟಾಪಿನಲ್ಲಿ ಇಳಿದು, ಗದ್ದೆಯ ಮೇಲಿಂದ ನಡ್ಕೊಂಡು ಬರ್ತಿದ್ದೆ. ಈ ಐತಪ್ಪನ ಎದುರು ಸಿಕ್ಕುದು ಬೇಡ ಅಂತ." ಸ್ವಲ್ಪ ದೂರ ಹೋದ ಮೇಲೆ, "ಅವನಿಗೆ ನೆನಪೇ ಇಲ್ಲ," ಎಂದ.

ನನ್ನಲ್ಲಿ ಹೇಳಲು ಮರಳು ಸಡಿಲ ಇತ್ತು ಎಂಬಂಥ ಮಾತುಗಳು ಮಾತ್ರ ಇದ್ದವು.

ಅಂಗಡಿಯ ಮುಂದೆ ಅವನು ನಿಲ್ಲಿಸಲಿಲ್ಲ, ನೇರ ತೋಡಿನ ಕಡೆ ಬಿಟ್ಟ. ಈಗ ಅಲ್ಲಿ ಸೇತುವೆ ಉಂಟು. ಸೇತುವೆಯ ಪಕ್ಕದ ಹಳೆಯ ಇಳಿಜಾರಿನಲ್ಲಿ, ನೀರಿನ ಅಂಚಿಗೆ ತಂದು ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ.

"ಇಳಿ. ಲಾಕ್ ಮಾಡು."

ಇಳಿದೆ. ಅದನ್ನು ನಿಂತುಕೊಂಡು ಮಾಡಲು ಆಗುವುದಿಲ್ಲ. ಎಡಗಡೆಯ ಚಕ್ರದ ಮುಂದೆ ಕೆಸರಿನಲ್ಲಿ ಮೊಣಕಾಲೂರಿದೆ. ತಿರುಗಿಸಿದೆ. ಎದ್ದು, ಜೀಪಿನ ಮೂತಿ ಹಿಡಿದು ಸುತ್ತಿ ಬಂದು, ಬಲಗಡೆಯಲ್ಲೂ ಮೊಣಕಾಲೂರಿದೆ. ಸೇತುವೆಯ ಮೇಲೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಹೆಂಗಸು ಗಂಡನಿಗೆ ಏನೋ ಹೇಳಿದಳು.

"ಆಯ್ತು," ಎಂದು ಏಳುವಷ್ಟರಲ್ಲಿ ಲಾದ್ರು ಕ್ಲಚ್ಚು ಬಿಟ್ಟಿದ್ದ. ಜೀಪು ನನ್ನನ್ನು ಅಲ್ಲೇ ಬಿಟ್ಟು ನೀರಿಗೆ ಇಳಿಯಿತು. ನಡುವಿನಲ್ಲಿ ಒಮ್ಮೆ ಹಿಂದಿನ ಚಕ್ರ ಜಾರಿತು. ಮುಂದಿನವು ಮಣ್ಣನ್ನು ಕಚ್ಚಿ ಎಳೆದವು. ಆಚೆಯ ಏರನ್ನು ಹತ್ತಿ, ನೀರು ಸುರಿಸುತ್ತ, ಹಾರ್ನು ಸಹ ಹಾಕದೆ ಗುಡ್ಡದ ಬದಿ ತಿರುಗಿ ಹೋಯಿತು. ಹಬ್ಬುಗಳನ್ನು ಮತ್ತೆ ಫ್ರೀ ಮಾಡಲು ಆಚೆ ದಡದಲ್ಲಿ ಇಳಿಯಬೇಕಿತ್ತು. ಅದಕ್ಕೆ ನಾನು ಅವನಿಗೆ ಬೇಡವಾಗಿದ್ದೆ. ನಾನು ಪ್ಯಾಂಟಿನ ಕೆಸರು ಕೊಡವಿ ಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ಲಾದ್ರು ಅಂಗಡಿಗೆ ಬರಲಿಲ್ಲ. ಅಕ್ಕಿಯನ್ನು ನಾನೇ ತೂಗಿದೆ. ಜನ ಪೇಟೆಗೆ ಹೊರಡುವ ಹೊತ್ತಿಗೆ ಜೀಪು ಅಂಗಡಿಯ ಮುಂದೆಯೇ ಹೋಯಿತು. ಒಳಗೆ ಜನ ತುಂಬಿದ್ದರು, ಹಿಂದೆ ಇಬ್ಬರು ಜೋತುಬಿದ್ದಿದ್ದರು. ಚಾಲಕನ ಸೀಟಿನಲ್ಲಿದ್ದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ನನ್ನ ಕಡೆ ನೋಡಲಿಲ್ಲ.

ಬೀಗದ ಕೈ ಈವರೆಗೆ ನನಗೆ ಮರಳಿ ಬಂದಿಲ್ಲ. ನಾನು ಕೇಳಿಲ್ಲ.